ಶನಿವಾರದ ಬುರ್ರಕಥೆ ಮತ್ತು ಅರ್ಧ ಸೇರು ಜೋಳ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಶಾಲೆಯಲ್ಲಿ ನಡೆದ ಬುರ್ರಕಥೆ, ಅಂದರೆ ತಂಬೂರಿ ಹಿಡಿದು ಹಾಡುತ್ತಾ ಕಥೆ ಹೇಳುವ ಮೇಳದ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದಿರಿ. ಇಬ್ಬರು ಬರೆದೇ ಕೊಟ್ಟಿದ್ದಾರೆ. ಒಬ್ಬ ತಂದೆಯಂತೂ ಕಥೆ ನಡೆಯುತ್ತಿದ್ದಾಗಲೇ ಬಂದು ಮಗಳನ್ನು ಎಬ್ಬಿಸಿಕೊಂಡು ಹೋದರು. ಎಲ್ಲರಿಗೂ ಸೇರಿಸಿ ಈ ಪತ್ರ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಮಕ್ಕಳ ಡೈರಿಯಲ್ಲಿ ನಾವು ಬರೆಸಿದ್ದು ಒಂದೇ ಸಾಲು: "ಶನಿವಾರ ಅರ್ಧ ಸೇರು ಜೋಳ ತರಬೇಕು." ಯಾಕೆ, ಯಾರಿಗೆ ಅಂತ ಬರೆಸಲಿಲ್ಲ. ಓದಿದವರಿಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಗಣಿತದ ಪೀರಿಯಡ್ ಹೋಗಿದ್ದೂ ನಿಜ. ಅದನ್ನು ಬುಧವಾರ ತೆಗೆದುಕೊಂಡಾಗಿದೆ.

ಆದರೆ ದೂರುಗಳಲ್ಲಿ ಪದೇ ಪದೇ ಬಂದ ಮಾತು ಗಣಿತದ್ದಲ್ಲ. "ಭಿಕ್ಷೆ ಬೇಡುವವರ ಹಾಡು ನಮ್ಮ ಮಕ್ಕಳಿಗೆ ಯಾಕೆ?" ಅನ್ನುವುದು. ಆ ತಂದೆ ಇದನ್ನು ಅಂಗಳದಲ್ಲಿ ನಿಂತು ಜೋರಾಗಿಯೇ ಹೇಳಿದರು. ತಂಬೂರಿ ಹಿಡಿದು ಹಾಡುತ್ತಿದ್ದ ಅಮ್ಮನಿಗೂ ಕೇಳಿಸಿತು. ಅವರು ಹಾಡು ನಿಲ್ಲಿಸಲಿಲ್ಲ. ತಲೆ ತಗ್ಗಿಸಿದ್ದು ನಾನು.

ಇದೇ ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮನವರ ಹೆಸರು ನೀವು ಕೇಳಿರುತ್ತೀರಿ. ಸಂಡೂರು ತಾಲ್ಲೂಕಿನ ದರೋಜಿ, ನಮಗೇನು ದೂರದ ಊರಲ್ಲ. 1930ರ ಸುಮಾರಿಗೆ ಅಲೆಮಾರಿ ಬುಡ್ಗ ಜಂಗಮರ ಮನೆಯಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಓದು ಬರಹ ಬರುತ್ತಿರಲಿಲ್ಲ. ಕಥೆ ಕಲಿಸಿದ್ದು ಅಪ್ಪ ಲಾಲಪ್ಪ. ಹನ್ನೆರಡು ವರ್ಷದ ಹುಡುಗಿಗೆ, ಅಂದರೆ ನಮ್ಮ ಏಳನೇ ಕ್ಲಾಸಿನ ಮಕ್ಕಳ ವಯಸ್ಸಿಗೆ. ಮುಂದೆ ಅವರು ನಡುವೆ ತಂಬೂರಿ ಹಿಡಿದು ನಿಂತರೆ ಅಕ್ಕಪಕ್ಕದಲ್ಲಿ ಡಿಮ್ಮಿ ವಾದ್ಯ ಬಾರಿಸುತ್ತಾ ಸೊಲ್ಲು ಎತ್ತುತ್ತಿದ್ದವರು ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ. ಇಡೀ ಮೇಳವೇ ಒಂದು ಮನೆ. ಮನೆಯಲ್ಲಿ ಆಡುವ ಮಾತು ತೆಲುಗು, ಊರ ಮುಂದೆ ಹಾಡುವುದು ಕನ್ನಡ. ಬಳ್ಳಾರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅವರ ನೆನಪಿನಲ್ಲಿ ಹನ್ನೆರಡು ಕಾವ್ಯಗಳಿದ್ದವು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ, ಹೀಗೆ. ಎಲ್ಲ ಸೇರಿಸಿ ಬರೆದರೆ 7,000 ಪುಟ ಅಂತ ಲೆಕ್ಕ. ನಮ್ಮ ಮಕ್ಕಳು ನಾಲ್ಕು ಸಾಲಿನ ಪದ್ಯ ಬಾಯಿಪಾಠ ಮಾಡಲು ಎಷ್ಟು ಗೋಳಾಡುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2012ರಲ್ಲಿ ಜಾನಪದಶ್ರೀ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಪ್ರಶಸ್ತಿ ಬಂದಿದ್ದಕ್ಕೆ ದೊಡ್ಡವರಾದರು ಅಂತ ನಾನು ಹೇಳುತ್ತಿಲ್ಲ. ಪ್ರಶಸ್ತಿ ಬರುವ ಮೊದಲೂ ಅವರು ಹಾಡುತ್ತಿದ್ದದ್ದು ಇದನ್ನೇ, ಊರೂರು ಅಲೆದು, ಕಣದಲ್ಲಿ, ಕಟ್ಟೆಯ ಮೇಲೆ. ಕೇಳಿದವರು ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದರು. ಅದು ಭಿಕ್ಷೆಯಲ್ಲ, ಕೂಲಿ. ರಾತ್ರಿಯಿಡೀ ದುಡಿದವರಿಗೆ ಬೆಳಿಗ್ಗೆ ಕೊಡುವ ಕೂಲಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಅವರೂ ಕೊಟ್ಟಿರುತ್ತಾರೆ. ಮಕ್ಕಳ ಕೈಯಲ್ಲಿ ಜೋಳ ತರಿಸಿದ್ದು ಅದಕ್ಕೇ. ಮೇಳದವರ ಸಂಭಾವನೆ ಶಾಲೆಯೇ ಕೊಟ್ಟಿದೆ, ನಿಮ್ಮ ಫೀಸಿಗೆ ಒಂದು ರೂಪಾಯಿಯೂ ಸೇರಿಸಿಲ್ಲ. ಜೋಳದ ವಿಷಯ ಬೇರೆ. ಕಥೆ ಕೇಳಿದ ಮಗು ತನ್ನ ಕೈಯಾರೆ ಕೊಡಲಿ ಅಂತ. ಮತ್ತೆ ಹೇಳುತ್ತೇನೆ, ನಾವು ಯಾರಿಗೂ ಭಿಕ್ಷೆ ಹಾಕಿಸಲಿಲ್ಲ, ಯಾರಿಗೂ ಬೇಡುವುದನ್ನು ಕಲಿಸಲಿಲ್ಲ.

ಮನಸ್ಸು ನೋಯಿಸಲು ಬರೆಯುತ್ತಿಲ್ಲ. ನೀವು ಕಷ್ಟಪಟ್ಟು ದುಡಿದು, ಮಕ್ಕಳು ಇಂಗ್ಲಿಷ್ ಕಲಿಯಲಿ, ಮುಂದೆ ಬರಲಿ ಅಂತ ಇಲ್ಲಿಗೆ ಕಳಿಸುತ್ತೀರಿ. ಅದು ನನಗೆ ಅರ್ಥವಾಗುತ್ತದೆ. ಜೋಳ ತರದ ಮಕ್ಕಳಿಗೆ ಯಾರೂ ಏನೂ ಅಂದಿಲ್ಲ, ಅನ್ನುವುದೂ ಇಲ್ಲ. ಮನೆಯಲ್ಲಿ ಜೋಳವೇ ತರುವುದಿಲ್ಲ ಅಂದರೆ ಅಕ್ಕಿ ಕೊಡಿ, ಏನೂ ಕೊಡದಿದ್ದರೂ ಸರಿ. ಆದರೆ ಮಗುವನ್ನು ನಡುವೆ ಎಬ್ಬಿಸಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಹಾಡುವವರ ಎದುರಿಗೆ ಹಾಗೆ ಮಾತಾಡುವುದನ್ನಂತೂ ಖಂಡಿತ ಒಪ್ಪುವುದಿಲ್ಲ. ಮೊನ್ನೆ ರಾಜ್ಯೋತ್ಸವಕ್ಕೆ ಡಿಜೆ ಹಾಕಿ ಮೂರು ಗಂಟೆ ಕುಣಿಸಿದಾಗ ಒಂದೇ ಒಂದು ದೂರೂ ಬರಲಿಲ್ಲ. ಸುಮ್ನೆ ನೆನಪಾಯಿತು, ಹೇಳಿದೆ.

ಆವತ್ತು ಮೇಳ ಹಾಡಿದ ಕುಮಾರರಾಮನ ಕಥೆ ಮಕ್ಕಳಿಗೆ ತಕ್ಕದ್ದೇ ಅಂತ ಒಬ್ಬ ತಾಯಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಚೆಂಡು ಹೋಗಿ ರತ್ನಾಜಿಯ ಅರಮನೆಯಲ್ಲಿ ಬೀಳುವುದು, ತರಲು ಹೋದ ಕುಮಾರರಾಮನ ಮೇಲೆ ಆ ಚಿಕ್ಕತಾಯಿ ಇಲ್ಲದ ಆರೋಪ ಹೊರಿಸುವುದು, ಆ ಭಾಗದಲ್ಲಿ ಇಷ್ಟನ್ನೇ ಮೇಳದವರು ಹೇಳಿದ್ದು. ಎದುರಿಗೆ ಮಕ್ಕಳಿದ್ದಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಥೆಯಲ್ಲಿ ಬರುವ ಕಂಪ್ಲಿ, ಕುಮ್ಮಟದುರ್ಗ ಎಲ್ಲ ನಮ್ಮ ಸುತ್ತಮುತ್ತಲಿನವೇ. 1327ರ ಸುಮಾರಿಗೆ ದೆಹಲಿ ಸುಲ್ತಾನನ ಸೈನ್ಯದ ಮುಂದೆ ಬಿದ್ದದ್ದು ಕುಮಾರರಾಮನ ಅಪ್ಪ ಕಂಪಿಲರಾಯನ ರಾಜ್ಯ. ಪಾಠದಲ್ಲಿ ಅದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು.

ಆವತ್ತು ಎರಡೇ ಗಂಟೆ ಸಮಯವಿತ್ತು. ರಾತ್ರಿಗಟ್ಟಲೆ ನಡೆಯುವ ಕಥೆ ಅಷ್ಟರಲ್ಲಿ ಮುಗಿಯುತ್ತದೆಯೇ? ಉಳಿದ ಭಾಗಕ್ಕೆ ಅದೇ ಮೇಳ ಬರುವ ಶನಿವಾರ ಮಧ್ಯಾಹ್ನ, ಪಾಠಗಳೆಲ್ಲ ಮುಗಿದ ಮೇಲೆ ಬರುತ್ತದೆ. ನೀವೂ ಬಂದು ಕೂರಬಹುದು. ಎಬ್ಬಿಸಿಕೊಂಡು ಹೋದ ಆ ತಂದೆಗೆ ನಾನೇ ಫೋನ್ ಮಾಡಿ ಕರೆದಿದ್ದೇನೆ.

ಮಗುವಿನ ಕೈಯಲ್ಲಿ ಅರ್ಧ ಸೇರು ಜೋಳ ಕಳಿಸಿ.

ಇನ್ನೊಂದು. ಮಗನ ತಲೆ ಕಡಿಯಿರಿ ಅಂತ ಕಂಪಿಲರಾಯ ಅಪ್ಪಣೆ ಕೊಟ್ಟ ಮೇಲೆ ಕಥೆ ನಿಂತಿದೆ. ಮಂತ್ರಿ ಬೈಚಪ್ಪ ಒಂದು ರುಂಡ ತಂದು ರಾಜನ ಮುಂದೆ ಇಡುತ್ತಾನೆ ಅನ್ನುವಷ್ಟೇ ಮಕ್ಕಳಿಗೆ ಗೊತ್ತು. ವಾರದಿಂದ ನನ್ನನ್ನು ಕಾಡುತ್ತಿದ್ದಾರೆ. ಆ ರುಂಡ ಯಾರದ್ದು ಅಂತ ಮನೆಯಲ್ಲಿ ಅಜ್ಜ ಅಜ್ಜಿಗೆ ಗೊತ್ತಿರಬಹುದು. ದಯವಿಟ್ಟು ಶನಿವಾರದವರೆಗೆ ಹೇಳಬೇಡಿ ಅಂತ ಅವರಿಗೆ ತಿಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ