ರವಿವಾರದ ಚಿಕನ್ ಪಾಸ್ಟಾ: ಉಳ್ಳಾಗಡ್ಡಿಗೆ ಟೈಮ್ ಕೊಡಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಮಳೆ ಬಿಡ್ತಾ ಇಲ್ಲ, ರವಿವಾರ ಬಿಸಿಬಿಸಿ ಚಿಕನ್ ಪಾಸ್ಟಾ ಬೇಕ್ ಮಾಡ್ತೀವಿ ಅಂದವರಿಗೆ ಈ ಸೂಚನೆ. ಐದಾರು ಜನಕ್ಕೆ ಅರ್ಧ ಕಿಲೋ ಉಳ್ಳಾಗಡ್ಡಿ, 250 ಗ್ರಾಂ ಪಾಸ್ಟಾ, 400 ಗ್ರಾಂ ಎಲುಬಿಲ್ಲದ ಚಿಕನ್ ಸಾಕು.

ಇದರ ಜೀವ ಇರೋದೇ ಉಳ್ಳಾಗಡ್ಡಿಯಲ್ಲಿ, ದಯವಿಟ್ಟು ಅವಸರ ಮಾಡಬೇಡಿ. ತೆಳ್ಳಗೆ ಉದ್ದಕ್ಕೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ, ಸ್ವಲ್ಪ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 40-45 ನಿಮಿಷ ಆಗಾಗ ಕೈಯಾಡಿಸುತ್ತಾ ಇರಿ. ಮೊದಲು ನೀರು ಬಿಟ್ಟು ಮೆತ್ತಗಾಗುತ್ತದೆ, ಆಮೇಲೆ ಅದರೊಳಗಿನ ಸಕ್ಕರೆಯಿಂದಲೇ ನಿಧಾನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ತಳ ಹಿಡಿದರೆ ಒಂದೆರಡು ಚಮಚ ನೀರು ಹಾಕಿ ಕೆರೆದು ಕಲಸಿ, ಆ ಕಂದು ಅಂಟಿನಲ್ಲೇ ರುಚಿ ಇರೋದು. ಗರಿಗರಿಯಾಗಿ ಕರಿಯೋದಲ್ಲ ಇದು.

ಉಳಿದದ್ದು ಸುಲಭ. ಪಾಸ್ಟಾವನ್ನು ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಸಾಸಿನಲ್ಲಿ ಮತ್ತೆ ಬೇಯುತ್ತದಲ್ವಾ. 3 ದೊಡ್ಡ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಾಗದಂತೆ ತಿರುವಿ. ಬೇಯಿಸಿದ ಚಿಕನ್, ಉಪ್ಪು, ಕಾಳುಮೆಣಸು ಸೇರಿಸಿ. ಬಣ್ಣಕ್ಕೆ ಬ್ಯಾಡಗಿ ಪುಡಿ ಚೂರು ಹಾಕಿದರೆ ನಡೆಯುತ್ತದೆ, ಖಾರ ಜಾಸ್ತಿ ಮಾಡಬೇಡಿ, ಉಳ್ಳಾಗಡ್ಡಿಯ ಸಿಹಿ ಮುಚ್ಚಿಹೋಗುತ್ತದೆ. ಎಲ್ಲ ಕಲಸಿ, ಮೇಲೆ ಚೀಸ್ ತುರಿದು 180 ಡಿಗ್ರಿಯಲ್ಲಿ 20-25 ನಿಮಿಷ.

ಓವನ್ ಇಲ್ಲದವರು ದಪ್ಪ ಹಂಚಿನ ಮೇಲೆ ಪಾತ್ರೆ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮಾಡಿ. ಮೇಲೆ ಕೆಂಪಗಾಗಲ್ಲ, ಚೀಸ್ ಚೆನ್ನಾಗಿ ಕರಗುತ್ತದೆ. ಚಿಕನ್ ತಿನ್ನದವರಿಗೆ ಅಣಬೆ ಹಾಕಿ ಬೇರೆ ಟ್ರೇ ಮಾಡಿ.