ಬೆಕ್ಕಿನ ಜೀವ ಹೋಗುತ್ತಿದ್ದಾಗ ಫೋನ್ ಎತ್ತದ ಪೆಟ್ ಸಿಟ್ಟಿಂಗ್ ಆ್ಯಪ್‌ಗೆ ಒಂದು ದೂರು

ಗೆ,
ದೂರು ವಿಭಾಗದ ಮುಖ್ಯಸ್ಥರು,
ಪೆಟ್ ಸಿಟ್ಟಿಂಗ್ ಆ್ಯಪ್ ಸಂಸ್ಥೆ

ವಿಷಯ: ತುರ್ತು ಹೊತ್ತಿನಲ್ಲಿ ನಿಮ್ಮ ಹೆಲ್ಪ್‌ಲೈನ್ ಕೈಕೊಟ್ಟದ್ದು, ಆಮೇಲೆ ನನ್ನ ಹಣ ತಡೆದು ಖಾತೆ ನಿಲ್ಲಿಸಿದ್ದು.

ಮಾನ್ಯರೇ,

ನಾನು ನಿಮ್ಮ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿಕೊಂಡಿರುವ ಪೆಟ್ ಸಿಟ್ಟರ್. ಮನೆಯವರು ಊರಲ್ಲಿ ಇಲ್ಲದಾಗ ಅವರ ನಾಯಿ, ಬೆಕ್ಕು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹೊಟ್ಟೆಪಾಡು ಇದೇ, ನಾನು ಇಷ್ಟಪಟ್ಟು ಮಾಡುವ ಕೆಲಸವೂ ಇದೇ. ಕಳೆದ ತಿಂಗಳು ನಾನು ನೋಡಿಕೊಳ್ಳುತ್ತಿದ್ದ ಒಂದು ಗಂಡು ಬೆಕ್ಕು ಸಾಯುವ ಸ್ಥಿತಿಗೆ ಬಂತು. ಆಗ ನಿಮ್ಮಿಂದ ಬೇಕಾಗಿದ್ದದ್ದು ಒಂದು ಫೋನ್ ನಂಬರ್ ಅಷ್ಟೇ. ಅದು ಸಿಗಲಿಲ್ಲ. ಬೆಕ್ಕು ಉಳಿದ ಮೇಲೆ ನೀವು ನನ್ನ ಹಣ ತಡೆದಿರಿ, ಖಾತೆಯನ್ನೂ ನಿಲ್ಲಿಸಿದಿರಿ. ಅದಕ್ಕೇ ಈ ಪತ್ರ.

ನಡೆದದ್ದು ಹೀಗೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಊಟ ಹಾಕಿ, ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡುವ ಮರಳಿನ ಪೆಟ್ಟಿಗೆ) ಚೊಕ್ಕ ಮಾಡಿ ಬರುವ ಬುಕ್ಕಿಂಗ್ ಅದು. ಆ ಸಂಜೆ ಬಾಗಿಲು ತೆಗೆದಾಗ ಬೆಕ್ಕು ಎದುರಿಗೆ ಬರಲಿಲ್ಲ. ಲಿಟರ್ ಬಾಕ್ಸ್‌ನಲ್ಲಿ ಬೆನ್ನು ಬಗ್ಗಿಸಿ ಕೂತು ತಿಣುಕುತ್ತಿತ್ತು. ಎದ್ದು ಹೊರಗೆ ಬರುವುದು, ಹಿಂಭಾಗ ನೆಕ್ಕಿಕೊಳ್ಳುವುದು, ಮತ್ತೆ ಒಳಗೆ ಹೋಗಿ ಕೂರುವುದು. ಮರಳು ಮಾತ್ರ ಒಣಗೇ ಇತ್ತು. ಬೆಳಗ್ಗೆ ನಾನು ಗೋರಿ ಸಮ ಮಾಡಿ ಹೋದ ಮೇಲೆ ಒಂದು ಉಂಡೆಯೂ ಹೊಸದಾಗಿ ಬಿದ್ದಿರಲಿಲ್ಲ. ಹೊಟ್ಟೆಯ ಹತ್ತಿರ ಕೈ ಇಟ್ಟರೆ ಕಿರುಚಿಕೊಂಡಿತು. ತಟ್ಟೆಯ ಊಟ ಹಾಗೇ ಇತ್ತು.

ಇದನ್ನು ನೋಡಿದ ಎಷ್ಟೋ ಜನ ಮಲಬದ್ಧತೆ ಇರಬೇಕು, ನಾಳೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಬೆಕ್ಕು ನೋಡಿಕೊಳ್ಳುವವರಿಗೆ ಗೊತ್ತು, ಇದು ಕಾಯುವ ಕಾಯಿಲೆ ಅಲ್ಲ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಚಿಕಿತ್ಸೆ ಸಿಗದಿದ್ದರೆ 24ರಿಂದ 48 ಗಂಟೆಯೊಳಗೆ ಜೀವ ಹೋಗಬಹುದು. ಯಾವಾಗಿನಿಂದ ಕಟ್ಟಿಕೊಂಡಿದೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಕಾಯುವ ಪ್ರಶ್ನೆಯೇ ಇರಲಿಲ್ಲ.

ಮಾಲೀಕರು ಆ ಹೊತ್ತಿಗೆ ವಿಮಾನದಲ್ಲಿದ್ದರು. ನಿಮ್ಮ ಆ್ಯಪ್‌ನ ಚಾಟ್‌ನಲ್ಲಿ ಬರೆದೆ, ಸಂದೇಶ ತಲುಪಲಿಲ್ಲ. ಇಳಿದ ತಕ್ಷಣ ನೇರವಾಗಿ ಆಸ್ಪತ್ರೆಗೇ ಫೋನ್ ಮಾಡಲಿ ಅಂತ ಕ್ಲಿನಿಕ್‌ನ ನಂಬರ್ ಟೈಪ್ ಮಾಡಿದೆ. ನಿಮ್ಮ ಸಿಸ್ಟಮ್ ಅದನ್ನು ಅಳಿಸಿ ಸಾಲಾಗಿ ನಕ್ಷತ್ರದ ಚಿಹ್ನೆ ತೋರಿಸಿತು. ಕೆಳಗೆ ಎಚ್ಚರಿಕೆ ಬೇರೆ, ‘ಸಂಪರ್ಕ ವಿವರ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧ’ ಅಂತ. ಅಂಕಿಗಳನ್ನು ಅಕ್ಷರದಲ್ಲಿ ಬರೆದು ನೋಡಿದೆ. ಅದನ್ನೂ ಅಳಿಸಿತು.

ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಹಗಲೂ ರಾತ್ರಿ ಲಭ್ಯ ಅಂತ ನೀವು ದೊಡ್ಡದಾಗಿ ಬರೆದುಕೊಂಡಿರುವುದು ಇದೇ ಹೆಲ್ಪ್‌ಲೈನ್ ಬಗ್ಗೆ. ಮೊದಲಿಗೆ ರೆಕಾರ್ಡ್ ಮಾಡಿದ ದನಿ, ಆಮೇಲೆ ಸಂಗೀತ, ಆಮೇಲೆ ಕಟ್. ಕಾರಿನಲ್ಲಿ ಬೆಕ್ಕಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ಮಾಡಿದೆ. ಕೊನೆಗೆ ಒಬ್ಬರು ಸಿಕ್ಕರು. ಮಾಲೀಕರು ಕೊಟ್ಟಿರುವ ತುರ್ತು ಸಂಪರ್ಕದ ನಂಬರ್ ಕೊಡಿ, ಇಲ್ಲವೇ ನೀವೇ ಅವರಿಗೆ ಫೋನ್ ಮಾಡಿ ಅಂತ ಕೇಳಿಕೊಂಡೆ. ‘ದೂರಿನ ಟಿಕೆಟ್ ತೆಗೆದಿದ್ದೇವೆ, 48 ಗಂಟೆಯೊಳಗೆ ನಮ್ಮ ತಂಡ ನಿಮ್ಮನ್ನು ಸಂಪರ್ಕಿಸುತ್ತದೆ’ ಎಂದರು. ಅವರು ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ ಅನ್ನುವುದೇ ನನ್ನ ದೂರು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದ ಕೂಡಲೇ ಮೂತ್ರಕೋಶ ಕಲ್ಲಿನಂತಾಗಿದೆ ಎಂದರು. ಅರಿವಳಿಕೆ ಕೊಟ್ಟು ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ಸಣ್ಣ ಕೊಳವೆ, ಹಾಕಬೇಕಿತ್ತು. ಇಂಥ ಸ್ಥಿತಿಯಲ್ಲಿ ಅರಿವಳಿಕೆ ಕೊಡುವುದರಲ್ಲೇ ಅಪಾಯವಿದೆ, ಮಾಲೀಕರ ಒಪ್ಪಿಗೆ ಬೇಕು ಅಂತ ಕೇಳಿದರು. ಕೇಳುವುದು ಸರಿಯೇ ಅಲ್ವಾ? ಬೆಕ್ಕು ನನ್ನದಲ್ಲ. ಸಹಿ ಹಾಕುವ ಹಾಳೆಯಲ್ಲಿ ‘ಪ್ರಾಣಿಗೂ ನಿಮಗೂ ಇರುವ ಸಂಬಂಧ’ ಅಂತ ಒಂದು ಖಾಲಿ ಜಾಗ ಇತ್ತು. ಅಲ್ಲಿ ಬರೆಯಲು ನೀವು ನನಗೆ ಯಾವ ಅಧಿಕಾರವನ್ನೂ ಕೊಟ್ಟಿರಲಿಲ್ಲ. ಕೊನೆಗೆ ನನಗೆ ಕೀಲಿ ಕೊಟ್ಟಿದ್ದ ಪಕ್ಕದ ಮನೆಯ ಅಜ್ಜಿ ನೆನಪಾದರು. ಅವರ ಹತ್ತಿರ ಮಾಲೀಕರ ಅಣ್ಣನ ನಂಬರ್ ಇತ್ತು. ಆ ಅಣ್ಣ ಫೋನಿನಲ್ಲೇ ಡಾಕ್ಟರ್ ಜೊತೆ ಮಾತಾಡಿ ಒಪ್ಪಿಗೆ ಕೊಟ್ಟರು. ಕ್ಯಾಥೆಟರ್ ಹಾಕಿ, ಡ್ರಿಪ್ ಕೊಟ್ಟು, ಬೆಕ್ಕನ್ನು ಅಲ್ಲೇ ಇಟ್ಟುಕೊಂಡರು. ಈಗ ಅದು ಮನೆಯಲ್ಲಿದೆ, ಚೆನ್ನಾಗಿದೆ. ಆ ಅಜ್ಜಿ ಆ ಹೊತ್ತಿಗೆ ಮನೆಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಆಮೇಲೆ ನಿಮ್ಮ ಇಮೇಲ್ ಬಂತು. ಅನುಮತಿಯಿಲ್ಲದೆ ಸಾಕುಪ್ರಾಣಿಯನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋದದ್ದು ಒಂದು ತಪ್ಪಂತೆ. ಆ್ಯಪ್‌ನ ಹೊರಗೆ ಗ್ರಾಹಕರ ಮನೆಯವರನ್ನು ಸಂಪರ್ಕಿಸಿದ್ದು ಇನ್ನೊಂದಂತೆ. ಆ ಬುಕ್ಕಿಂಗ್‌ನ ಹಣ ತಡೆದಿರಿ, ಖಾತೆ ನಿಲ್ಲಿಸಿದಿರಿ, ಮುಂದೆ ಒಪ್ಪಿಕೊಂಡಿದ್ದ ಬುಕ್ಕಿಂಗ್‌ಗಳನ್ನೆಲ್ಲ ರದ್ದು ಮಾಡಿದಿರಿ. ಅದರಲ್ಲಿ ಕಣ್ಣು ಕಾಣದ ಒಂದು ಮುದಿ ನಾಯಿಯೂ ಇತ್ತು. ಅದು ಹೊಸಬರ ಕೈಯಿಂದ ಊಟ ಮುಟ್ಟುವುದಿಲ್ಲ. ಅದರ ಮನೆಯವರು ತಮ್ಮ ಪ್ರಯಾಣವನ್ನೇ ಮುಂದಕ್ಕೆ ಹಾಕಬೇಕಾಯಿತು. ಬೆಕ್ಕಿನ ಮಾಲೀಕರು ನನ್ನ ಪರವಾಗಿ ನಿಮಗೆ ಬರೆದಿದ್ದಾರೆ, ಆಸ್ಪತ್ರೆಯ ಕಾಗದವನ್ನೂ ಕಳಿಸಿದ್ದಾರೆ. ಅವರಿಗೆ ಬಂದದ್ದು ‘ನಿಮ್ಮ ಅನಿಸಿಕೆಗೆ ಧನ್ಯವಾದ’ ಅನ್ನುವ ತಾನಾಗಿಯೇ ಹೋಗುವ ಉತ್ತರ.

ನಂಬರ್ ಯಾಕೆ ಮುಚ್ಚಿಡುತ್ತೀರಿ ಅಂತ ನನಗೆ ಅರ್ಥವಾಗುತ್ತದೆ. ಗ್ರಾಹಕರ ಖಾಸಗಿತನ ಇದೆ, ನಿಮ್ಮ ಕಮಿಷನ್ ತಪ್ಪಿಸಿ ಹೊರಗೆ ವ್ಯವಹಾರ ಮಾಡುವವರೂ ಇದ್ದಾರೆ. ಮಾಮೂಲಿ ದಿನಕ್ಕೆ ಆ ನಿಯಮ ಇರಲಿ. ಆದರೆ ಪ್ರಾಣಿಯ ಜೀವ ಹೋಗುತ್ತಿರುವಾಗಲೂ ಅದೇ ನಿಯಮ ಅಂದರೆ ಅದು ಯಾರ ಒಳ್ಳೆಯದಕ್ಕೆ?

ಇದು ಒಂದು ಸಂಜೆಯ ಎಡವಟ್ಟು ಅಂತ ನೀವು ಹೇಳಬಹುದು. ಅಲ್ಲ. ಮಾಲೀಕರಿಂದ ನೀವು ತುಂಬಿಸಿಕೊಳ್ಳುವ ಫಾರಂನಲ್ಲೇ ತೊಂದರೆ ಇದೆ. ಸ್ವಭಾವ ಅನ್ನುವ ಕಡೆ ‘ಸ್ನೇಹದ್ದು’, ‘ನಾಚಿಕೆಯದ್ದು’ ಎರಡೇ ಆಯ್ಕೆ. ಊಟದ ತಟ್ಟೆ ಮುಟ್ಟಿದರೆ ಕಚ್ಚುವ ನಾಯಿಯನ್ನು ಈ ಎರಡರಲ್ಲಿ ಎಲ್ಲಿ ಬರೆಯಬೇಕು? ಅಂಥ ಒಂದು ನಾಯಿ ನನ್ನ ಕೈ ಕಚ್ಚಿದೆ. ನನಗಿಂತ ಮೊದಲು ಬಂದ ಸಿಟ್ಟರ್ ಈ ಬಗ್ಗೆ ನಿಮಗೆ ವರದಿ ಮಾಡಿದ್ದರಂತೆ. ಆ ವರದಿ ನನಗೆ ಕಾಣಿಸಲೇ ಇಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದುಕೊಂಡು ಇಂಜೆಕ್ಷನ್‌ಗೆ ಓಡಿದೆ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದಾರಾ ಅಂತ ಡಾಕ್ಟರ್ ಕೇಳಿದರೆ ತೋರಿಸಲು ಕಾರ್ಡ್ ಇಲ್ಲ. ನಿಮ್ಮ ಆ್ಯಪ್‌ನಲ್ಲಿ ನಾಯಿಯ ಫೋಟೊ ಬೇಕಾದಷ್ಟು ಹಾಕಬಹುದು. ಲಸಿಕೆ ಕಾರ್ಡ್ ಹಾಕಲು ಜಾಗವೇ ಇಲ್ಲ.

ಸಕ್ಕರೆ ಕಾಯಿಲೆ ಇರುವ ಬೆಕ್ಕೊಂದು ‘ಊಟ ಮತ್ತು ನೀರು’ ಬುಕ್ಕಿಂಗ್‌ನಲ್ಲೇ ನನ್ನ ಪಾಲಿಗೆ ಬಂದಿತ್ತು. ಇನ್ಸುಲಿನ್ ಕೊಡಬೇಕು ಅಂತ ತಿಳಿದದ್ದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಚೀಟಿಯಿಂದ. ಔಷಧಿ ಯು-100, ಅಂದರೆ ಒಂದು ಮಿಲಿಲೀಟರ್‌ಗೆ 100 ಯೂನಿಟ್. ಪಕ್ಕದಲ್ಲಿಟ್ಟಿದ್ದ ಸಿರಿಂಜ್ ಯು-40, ಅದರ ಗೆರೆ ಮಿಲಿಲೀಟರ್‌ಗೆ 40 ಯೂನಿಟ್ ಇರುವ ಔಷಧಿಗೆ. ಆ ಸಿರಿಂಜ್‌ನ ಗೆರೆ ನೋಡಿ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಸಕ್ಕರೆ ಇಳಿದು ಫಿಟ್ಸ್ ಬರಬಹುದು, ಸಾಯಲೂಬಹುದು. ನನಗೆ ಗೊತ್ತಿತ್ತು, ಸರಿಯಾದ ಸಿರಿಂಜ್ ತಂದೆ. ಗೊತ್ತಿಲ್ಲದ ಒಬ್ಬ ಹೊಸ ಸಿಟ್ಟರ್ ಅಲ್ಲಿದ್ದಿದ್ದರೆ? ನಿಮ್ಮ ತರಬೇತಿ ವಿಡಿಯೊದಲ್ಲಿ ಮಾಲೀಕರಿಗೆ ಕಳಿಸುವ ಫೋಟೊ ಹೇಗೆ ತೆಗೆಯಬೇಕು ಅಂತ ವಿವರವಾಗಿ ಹೇಳಿದ್ದೀರಿ. ಇಂಥದ್ದರ ಬಗ್ಗೆ ಒಂದು ಮಾತೂ ಇಲ್ಲ.

ನಾನು ಕೇಳುವುದು ಇಷ್ಟು. ತಡೆದಿರುವ ಹಣ ಕೊಡಿ, ಖಾತೆ ತೆರೆಯಿರಿ, ನನ್ನ ಪ್ರೊಫೈಲ್‌ನಲ್ಲಿ ದಾಖಲಿಸಿರುವ ನಿಯಮಭಂಗದ ಗುರುತನ್ನು ತೆಗೆದುಹಾಕಿ. ಅದಕ್ಕಿಂತ ಮುಖ್ಯವಾಗಿ, ಬುಕ್ಕಿಂಗ್ ಆಗುವ ಮೊದಲೇ ಮಾಲೀಕರಿಂದ ಚಿಕಿತ್ಸೆಯ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಅವರು ಸಿಗದಿದ್ದರೆ ಯಾರನ್ನು ಕೇಳಬೇಕು, ಯಾವ ಡಾಕ್ಟರ್ ಹತ್ತಿರ ಹೋಗಬೇಕು, ಎಷ್ಟು ಖರ್ಚಿನವರೆಗೆ ಕೇಳದೆ ಮುಂದುವರಿಯಬಹುದು ಅನ್ನುವುದು ಅದರಲ್ಲಿ ಇರಲಿ. ಅದರ ಪ್ರತಿ ಸಿಟ್ಟರ್ ಕೈಯಲ್ಲೂ ಇರಲಿ. ತುರ್ತು ಕರೆಗೆ ಬೇರೆ ಲೈನ್ ಇಡಿ. ಅಲ್ಲಿ ಕೂತವರಿಗೆ ಟಿಕೆಟ್ ತೆಗೆಯುವ ಅಧಿಕಾರ ಮಾತ್ರ ಸಾಲದು, ಮಾಲೀಕರಿಗೆ ಆಗಲೇ ಫೋನ್ ಮಾಡುವ ಅಧಿಕಾರ ಬೇಕು. ಕಾಯಿಲೆ, ಔಷಧಿ, ಲಸಿಕೆ, ಹಿಂದೆ ಕಚ್ಚಿದ್ದರೆ ಅದು, ಇವನ್ನು ಫಾರಂನಲ್ಲಿ ಕಡ್ಡಾಯ ಮಾಡಿ. ಹಿಂದಿನ ಸಿಟ್ಟರ್ ಬರೆದ ವರದಿಯನ್ನು ಮುಂದಿನವರಿಗೆ ತೋರಿಸಿ.

ಆಸ್ಪತ್ರೆಯ ಕಾಗದ, ಡಾಕ್ಟರ್ ಬರೆದುಕೊಟ್ಟ ಚೀಟಿ, ಚಾಟ್‌ನ ಸ್ಕ್ರೀನ್‌ಶಾಟ್, ನಿಮ್ಮ ಹೆಲ್ಪ್‌ಲೈನ್‌ಗೆ ಮಾಡಿದ ಕರೆಗಳ ಪಟ್ಟಿ, ಮಾಲೀಕರ ಪತ್ರ ಎಲ್ಲವನ್ನೂ ಇದರ ಜೊತೆ ಲಗತ್ತಿಸಿದ್ದೇನೆ. 15 ದಿನದೊಳಗೆ, ಹೆಸರು ಹಾಕಿ ಸಹಿ ಮಾಡಿದ ಉತ್ತರ ಬೇಕು. ತಾನಾಗಿಯೇ ಹೋಗುವ ಇಮೇಲನ್ನು ನಾನು ಉತ್ತರ ಅಂತ ಒಪ್ಪುವುದಿಲ್ಲ. ಅಷ್ಟರೊಳಗೆ ಉತ್ತರ ಬರದಿದ್ದರೆ ಇದೇ ದಾಖಲೆಗಳನ್ನು ಇಟ್ಟುಕೊಂಡು ಕಾನೂನಿನ ದಾರಿ ಹಿಡಿಯುತ್ತೇನೆ.

ಇತಿ,
ನಿಮ್ಮ ಆ್ಯಪ್‌ನ ಒಬ್ಬ ಪೆಟ್ ಸಿಟ್ಟರ್