ಅಡುಗೆ ಅನಿಲಕ್ಕೂ ಒಂದು ಹಗೇವು ಬೇಕು: ಪೆಟ್ರೋಲಿಯಂ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವರಿಗೆ,

ನಮಸ್ಕಾರಗಳು.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ, ಕಡತದ ಕೊನೆಯ ಹಾಳೆಯವರೆಗೆ ತಾವು ಕಾಯಬೇಕಿಲ್ಲ. ಅಡುಗೆ ಅನಿಲಕ್ಕೆ, ಅಂದರೆ ಎಲ್‌ಪಿಜಿಗೆ, ಕಚ್ಚಾತೈಲದಿಂದ ಪ್ರತ್ಯೇಕವಾದ, ದಿನನಿತ್ಯದ ವ್ಯಾಪಾರಕ್ಕೆ ಮುಟ್ಟಬಾರದ, ಸರ್ಕಾರದ ಆದೇಶದಿಂದ ಮಾತ್ರ ತೆರೆಯಬಹುದಾದ ಕಾಯ್ದಿಟ್ಟ ದಾಸ್ತಾನು, ಕಷ್ಟಕಾಲಕ್ಕೆಂದು ನೆಲದಡಿ ಕಾಳು ಮುಚ್ಚಿಡುವ ಹಗೇವಿನಂಥದ್ದು, ಬೇಕು. ಮೊದಲ ಹಂತದಲ್ಲಿ, ಕೊಲ್ಲಿ ದೇಶಗಳಿಂದ ಬರುವ ಹದಿನೈದು ದಿನದ ಆಮದಿಗೆ ಸಮನಾದಷ್ಟಾದರೂ ಬೇಕು.

2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಶುರುಮಾಡಿತು. ಕೊಲ್ಲಿ ದೇಶಗಳ ತೈಲ, ಅನಿಲ ಹೊರಬರುವ ಹೊರ್ಮುಜ್ ಜಲಸಂಧಿಯ ಆಸುಪಾಸಿನಲ್ಲಿ ಹಡಗುಗಳ ಜಿಪಿಎಸ್ ದಿಕ್ಕು ತಪ್ಪತೊಡಗಿತು. 17ರಂದು ಅದೇ ಕಡಲಿನಲ್ಲಿ ಎರಡು ತೈಲ ಹಡಗುಗಳು ಡಿಕ್ಕಿಯಾದವು. 22ರಂದು ಅಮೆರಿಕ ಇರಾನಿನ ಅಣು ನೆಲೆಗಳಾದ ಫೋರ್ಡೋ, ನತಾಂಜ್, ಇಸ್ಫಹಾನ್‌ಗಳ ಮೇಲೆ ಬಾಂಬು ಹಾಕಿತು, ಜಲಸಂಧಿಯನ್ನು ಮುಚ್ಚುವ ಮಾತಿಗೆ ಇರಾನಿನ ಸಂಸತ್ತು ಒಪ್ಪಿಗೆ ಕೊಟ್ಟಿತು, ಮರುದಿನ ಪೇಟೆ ತೆರೆದಾಗ ಬ್ರೆಂಟ್ ಕಚ್ಚಾತೈಲ ಬ್ಯಾರಲ್ಲಿಗೆ 80 ಡಾಲರ್ ಮುಟ್ಟಿತು. 22ರಂದೇ ಸಚಿವಾಲಯದ ಕಡೆಯಿಂದ ದೇಶಕ್ಕೆ ಸಿಕ್ಕ ಭರವಸೆ ಏನೆಂದರೆ, ನಮ್ಮ ತೈಲ ಕಂಪನಿಗಳ ಬಳಿ ಹಲವು ವಾರಗಳಿಗಾಗುವಷ್ಟು ದಾಸ್ತಾನಿದೆ. ಯಾವುದರ ದಾಸ್ತಾನು? ಕಚ್ಚಾತೈಲದ್ದೇ, ಪೆಟ್ರೋಲು-ಡೀಸೆಲಿನದೇ, ಸಿಲಿಂಡರಿನದೇ? ಅದನ್ನು ಬಿಡಿಸಿ ಹೇಳಲಿಲ್ಲ. ಅದೇ ವಾರ ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ ಆಮದು ಟರ್ಮಿನಲ್, ಸಂಸ್ಕರಣಾಗಾರ, ಬಾಟ್ಲಿಂಗ್ ಘಟಕ ಎಲ್ಲ ಸೇರಿ ಎಲ್‌ಪಿಜಿ ಇದ್ದದ್ದು ಸುಮಾರು ಹದಿನಾರು ದಿನದ ಬಳಕೆಗೆ. ಹನ್ನೆರಡನೆಯ ದಿನಕ್ಕೆ, ಜೂನ್ 24ಕ್ಕೆ, ಕದನ ನಿಂತಿತು. ಆ ಸಲ ಜಲಸಂಧಿ ಮುಚ್ಚಲಿಲ್ಲ. ಮುಚ್ಚದಿದ್ದುದಕ್ಕೆ ನಮ್ಮ ಸಿದ್ಧತೆ ಕಾರಣವಲ್ಲ. ವಾಷಿಂಗ್ಟನ್, ಟೆಹ್ರಾನ್, ಟೆಲ್ ಅವೀವ್‌ಗಳಲ್ಲಿ ಕೂತವರು ತೀರ್ಮಾನಿಸಿದರು, ನಮ್ಮ ಒಲೆ ಉರಿಯಿತು. ಮೂವತ್ತಮೂರು ಕೋಟಿ ಸಂಪರ್ಕಗಳಿರುವ ದೇಶವನ್ನು ಹೀಗೆ ನಡೆಸಬಹುದೇ ಸ್ವಾಮಿ?

ಅಂಕಿಗಳು ತಮ್ಮ ಮೇಜಿನ ಮೇಲೇ ಇವೆ. ಆದರೂ ಒಟ್ಟಿಗೆ ಇಟ್ಟು ನೋಡಬೇಕು. 2024-25ರಲ್ಲಿ ದೇಶ ಬಳಸಿದ ಎಲ್‌ಪಿಜಿ ಸುಮಾರು 3.1 ಕೋಟಿ ಟನ್. ದಿನಕ್ಕೆ 85,000 ಟನ್, ಅಂದರೆ 14.2 ಕೆ.ಜಿ.ಯ ಅರವತ್ತು ಲಕ್ಷ ಸಿಲಿಂಡರ್‌ಗಳಿಗೆ ಸಮ. ಇದರಲ್ಲಿ ಆಮದು 2 ಕೋಟಿ ಟನ್ನಿಗೂ ಹೆಚ್ಚು. ಆಮದಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೊರ್ಮುಜ್ ದಾಟಿ ಬಂದದ್ದು. ಜಲಸಂಧಿ ನಿಂತರೆ ದಿನಕ್ಕೆ ಸುಮಾರು 50,000 ಟನ್ ನಿಲ್ಲುತ್ತದೆ. ದೊಡ್ಡ ಅನಿಲ ಹಡಗೊಂದು ಹೊರುವುದು 45,000 ಟನ್ ಆಸುಪಾಸು. ಅಂದರೆ ದಿನಕ್ಕೊಂದು ಹಡಗಿಗೂ ಹೆಚ್ಚು.

ಕಚ್ಚಾತೈಲಕ್ಕೆ ಒಂದಿಷ್ಟು ಬಳಸುದಾರಿಗಳಿವೆ. ಸೌದಿಯ ಪೂರ್ವ-ಪಶ್ಚಿಮ ಪೈಪ್‌ಲೈನ್ ಕೆಂಪು ಸಮುದ್ರದ ಯಾನ್ಬುವಿಗೆ ಒಯ್ಯುತ್ತದೆ, ಅಬುಧಾಬಿಯ ಹಬ್ಶಾನ್ ಪೈಪ್‌ಲೈನ್ ಜಲಸಂಧಿಯ ಹೊರಗಿನ ಫುಜೈರಾಕ್ಕೆ. ರಷ್ಯಾ, ಅಮೆರಿಕ, ಪಶ್ಚಿಮ ಆಫ್ರಿಕಾದಿಂದಲೂ ತರಿಸಬಹುದು. ಅಡುಗೆ ಅನಿಲಕ್ಕೆ ಆ ಅವಕಾಶ ಬಹಳ ಕಡಿಮೆ. ಕತಾರಿನ ರಾಸ್ ಲಫಾನ್, ಅಬುಧಾಬಿಯ ರುವೈಸ್, ಕುವೈತಿನ ಮಿನಾ ಅಲ್ ಅಹ್ಮದಿ ಎಲ್ಲವೂ ಜಲಸಂಧಿಯ ಒಳಬದಿಯಲ್ಲಿವೆ. ಅತಿ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲ, ಅದರೊಳಗೆ ಹೋಗುವ ಹಡಗಿಗೊಂದು, ಬರುವ ಹಡಗಿಗೊಂದು ಮೂರು ಕಿ.ಮೀ. ಚಿಲ್ಲರೆಯ ಪಥ.

ಇಷ್ಟೆಲ್ಲ ತಿಳಿದೂ ಕಾಯ್ದಿಟ್ಟದ್ದು ಯಾವುದನ್ನು? ವಿಶಾಖಪಟ್ಟಣ 13.3 ಲಕ್ಷ ಟನ್, ಮಂಗಳೂರು 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರು 25 ಲಕ್ಷ, ಒಟ್ಟು 53.3 ಲಕ್ಷ ಟನ್ ಸಾಮರ್ಥ್ಯ, ತುಂಬಿದ್ದರೆ ದೇಶದ ಒಂಬತ್ತೂವರೆ ದಿನದ ಬಳಕೆಗೆ. ಅಷ್ಟೂ ಕಚ್ಚಾತೈಲ. ಅದರ ಮಹತ್ವವನ್ನು ಅಲ್ಲಗಳೆಯುವುದಿಲ್ಲ. 2020ರ ಏಪ್ರಿಲ್-ಮೇನಲ್ಲಿ ಬ್ಯಾರಲ್ಲಿಗೆ ಸರಾಸರಿ 19 ಡಾಲರಿಗೆ ಅವನ್ನು ತುಂಬಿಸಿ ಸುಮಾರು 5,000 ಕೋಟಿ ರೂಪಾಯಿ ಉಳಿಸಿದ್ದು ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇವೆ. ಆದರೆ ಕಚ್ಚಾತೈಲವನ್ನು ಒಲೆಗೆ ಸುರಿಯಲಾಗುವುದಿಲ್ಲ. ಸಂಸ್ಕರಿಸಿದಾಗ ಅದರಿಂದ ಎಲ್‌ಪಿಜಿ ಸಿಗುವುದು ನೂರಕ್ಕೆ ನಾಲ್ಕೈದು ಪಾಲು. ಪೆಟ್ರೋಕೆಮಿಕಲ್‌ಗೆ ಹೋಗುವ, ಎಲ್‌ಪಿಜಿಯ ಮೂಲವಸ್ತುಗಳೇ ಆದ ಪ್ರೊಪೇನ್, ಬ್ಯೂಟೇನ್, ಪ್ರೊಪಿಲೀನ್‌ಗಳನ್ನು ಸಿಲಿಂಡರಿಗೆ ತಿರುಗಿಸಿ ಇನ್ನಷ್ಟು ಹೆಚ್ಚಿಸಬಹುದು, ಆದರೆ 50,000 ಟನ್ನಿನ ಹಳ್ಳ ಅದರಿಂದ ತುಂಬುವುದಿಲ್ಲ.

ಮಂಗಳೂರಿನಲ್ಲಿ ಸರ್ಕಾರಿ ತೈಲ ಕಂಪನಿ ಎಚ್‌ಪಿಸಿಎಲ್ ಕೊರೆದ 80,000 ಟನ್ನಿನ ಭೂಗತ ಎಲ್‌ಪಿಜಿ ಗುಹೆ ಇದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಇದೆ, ದೇಶದಲ್ಲೇ ದೊಡ್ಡದು. ವಿಶಾಖಪಟ್ಟಣದಲ್ಲಿ 60,000 ಟನ್ನಿನದೂ ಇದೆ. ಎರಡೂ ಬಾಯಿತನಕ ತುಂಬಿದ್ದರೂ ದೇಶದ ನಲವತ್ತು ಗಂಟೆಯ ಬಳಕೆಗೆ ಸಾಲದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಪತ್ರದ ತಿರುಳೇ ಅದು. ಆಮದಿಗಾಗಿ ಕಟ್ಟಿದ ಗುಹೆ ಯಾವಾಗಲೂ ತುಂಬಿರಲಾರದು. ಮುಂದಿನ ಹಡಗು 45,000 ಟನ್ ಹೊತ್ತು ಬಂದಾಗ ಜಾಗವಿರಬೇಕಾದರೆ ಗುಹೆಯ ಅರ್ಧಕ್ಕಿಂತ ಹೆಚ್ಚು ಖಾಲಿಯಿರಬೇಕು. ಇಲ್ಲವಾದರೆ ಹಡಗು ಲಂಗರು ಹಾಕಿ ಕಾಯುತ್ತದೆ, ಕಾದ ದಿನಕ್ಕೆಲ್ಲ ದಂಡದ ಬಾಡಿಗೆ ಏರುತ್ತದೆ. ಕಾಯ್ದಿಟ್ಟ ದಾಸ್ತಾನಿನ ಗುಹೆ ಇದಕ್ಕೆ ತದ್ವಿರುದ್ಧ, ಸದಾ ತುಂಬಿಯೇ ಇರಬೇಕು. ಬಯಲುಸೀಮೆಯ ರೈತ ಬರಗಾಲಕ್ಕೆಂದು ಹಗೇವಿನಲ್ಲಿ ಮುಚ್ಚಿಟ್ಟ ಜೋಳವನ್ನೂ ವಾರದ ಸಂತೆಗೆಂದು ಚೀಲದಲ್ಲಿಟ್ಟ ಜೋಳವನ್ನೂ ಒಂದೇ ಎಂದು ಎಣಿಸುತ್ತಿರಲಿಲ್ಲ. ತಮ್ಮ ಸಚಿವಾಲಯದ ಲೆಕ್ಕದಲ್ಲಿ ಎರಡೂ ಒಂದೇ ಸಾಲಿನಲ್ಲಿವೆ.

ಆ ಹದಿನಾರು ದಿನವೂ ಹಾಗೆಯೇ. 85,000ದಿಂದ ಗುಣಿಸಿದರೆ 13.6 ಲಕ್ಷ ಟನ್. ದೇಶೀ ಉತ್ಪಾದನೆ ನಡೆಯುತ್ತಿರುತ್ತದೆ ಎಂದುಕೊಂಡು 50,000ದಿಂದ ಭಾಗಿಸಿದರೆ ಕಾಗದದ ಮೇಲೆ 27 ದಿನ. ನೆಲದ ಮೇಲೆ ಅಷ್ಟು ಸಿಗುವುದಿಲ್ಲ. ಟ್ಯಾಂಕಿನ ತಳದಲ್ಲಿ ಪಂಪಿಗೆ ಸಿಗದೆ ಉಳಿಯುವ ಅನಿಲ, ಪೈಪ್‌ಲೈನ್ ಹರಿಯುವುದಕ್ಕೆ ಅದರೊಳಗೆ ಇರಲೇಬೇಕಾದ ಅನಿಲ, ದಾರಿಯಲ್ಲಿರುವ ಬುಲೆಟ್ ಟ್ಯಾಂಕರ್‌ಗಳು ಎಲ್ಲವೂ ಆ ಮೊತ್ತದಲ್ಲಿ ಸೇರಿರುತ್ತವೆ. ಅನಿಲ ಇರುವ ಊರು ಒಂದು, ಬೇಕಾದ ಊರು ಇನ್ನೊಂದು. ಒಂದು ಹಡಗಿನ ಸರಕನ್ನು ರಸ್ತೆಯಲ್ಲಿ ಸಾಗಿಸಲು ಹದಿನೆಂಟು ಟನ್ನಿನ 2,500 ಬುಲೆಟ್ ಟ್ಯಾಂಕರ್ ಬೇಕು. ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಪೈಪ್‌ಲೈನ್ ಇರುವುದರಿಂದ ಶಿರಾಡಿ ಘಾಟಿಯ ಭಾರ ಅಷ್ಟು ಇಳಿದಿದೆ. ಎಲ್ಲ ರಾಜ್ಯಗಳಿಗೂ ಆ ಅನುಕೂಲವಿಲ್ಲ.

ಬಿಕ್ಕಟ್ಟು ಬಂದರೆ ಆಗುವುದು ಯಾವ ಕ್ರಮದಲ್ಲಿ ಎಂಬುದೂ ತಮಗೆ ಗೊತ್ತಿರುವಂಥದ್ದೇ. ಮೊದಲು ಏರುವುದು ಯುದ್ಧಾಪಾಯದ ವಿಮೆ. ಹಡಗಿನ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಪ್ರತಿ ಯಾನಕ್ಕೂ ಹೊಸ ದರ. ಆಮೇಲೆ ಬಾಡಿಗೆ, ಅದರ ಹಿಂದೆ ಸೌದಿ ಅರಾಮ್ಕೊ ತಿಂಗಳಿಗೊಮ್ಮೆ ಘೋಷಿಸುವ ಪ್ರೊಪೇನ್-ಬ್ಯೂಟೇನ್ ಬೆಲೆ. ಇಲ್ಲಿ ಮೊದಲು ಕಡಿತವಾಗುವುದು ಹೋಟೆಲು, ಖಾನಾವಳಿ, ಹಾಸ್ಟೆಲುಗಳ 19 ಕೆ.ಜಿ. ಸಿಲಿಂಡರು. ಅಲ್ಲಿ ಸಿಗದಾಗ ಮನೆಯ ಸಿಲಿಂಡರು ಕಾಳಸಂತೆಗೆ ಹೋಗುತ್ತದೆ. ಮನೆಗಳು ಹೆದರಿ ಇನ್ನೂ ಅರ್ಧ ಇರುವಾಗಲೇ ಬುಕ್ ಮಾಡುತ್ತವೆ, ಏಜೆನ್ಸಿಯಲ್ಲಿ ಬಾಕಿ ಬೆಳೆಯುತ್ತದೆ. ಒಂದೇ ಸಿಲಿಂಡರಿನ ಉಜ್ವಲಾ ಮನೆಗೆ ಬದಲಿ ಇರುವುದಿಲ್ಲ. ಉಜ್ವಲಾ ಮನೆಗಳು ಒಟ್ಟು ಹತ್ತು ಕೋಟಿಗೂ ಮೇಲೆ. ಆ ತಾಯಂದಿರು ಮತ್ತೆ ಸೌದೆ ಹೊಗೆಗೆ ಮುಖ ಒಡ್ಡಬೇಕು.

ಇಂಡಕ್ಷನ್ ಒಲೆ ಹಚ್ಚಿ ಎನ್ನುವುದು ಸುಲಭ. ಕರ್ನಾಟಕದ ಇಪ್ಪತ್ತು ಲಕ್ಷ ಮನೆಗಳು ಸಂಜೆ ಏಳಕ್ಕೆ ಒಂದೂವರೆ ಕಿಲೋವಾಟ್‌ನಂತೆ ಒಟ್ಟಿಗೆ ಹಚ್ಚಿದರೆ 3,000 ಮೆಗಾವಾಟ್ ಹೆಚ್ಚುವರಿ ಹೊರೆ. 2025ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವಾಟ್ ಚಿಲ್ಲರೆ. ಸೂರ್ಯ ಮುಳುಗಿದ ಮೇಲೆ, ಸೌರ ವಿದ್ಯುತ್ತಿಲ್ಲದ ಹೊತ್ತಿನಲ್ಲಿ, ಬಡಾವಣೆಯ ಟ್ರಾನ್ಸ್‌ಫಾರ್ಮರ್ ಆ ಹೊರೆಯನ್ನು ತಾಳಬೇಕು. ವರ್ಷಗಟ್ಟಲೆ ಯೋಜಿಸಿ ಮಾಡುವ ಕೆಲಸ ಅದು.

ಅಮೆರಿಕದಿಂದ 2026ಕ್ಕೆ 22 ಲಕ್ಷ ಟನ್ ಎಲ್‌ಪಿಜಿ ತರಿಸುವ ಒಪ್ಪಂದವನ್ನು 2025ರ ನವೆಂಬರಿನಲ್ಲಿ ಪ್ರಕಟಿಸಿದಿರಿ. ಮೂಲ ಬೇರೆಯಾಯಿತು, ಒಳ್ಳೆಯದೇ. ಆದರೆ ವರ್ಷವಿಡೀ ಬರುವ ಅಷ್ಟೂ ಸರಕು ದೇಶದ 26 ದಿನದ ಬಳಕೆಗೆ ಸಮ. ಕೊಲ್ಲಿಯಿಂದ ಮಂಗಳೂರಿಗೆ ನಾಲ್ಕೈದು ದಿನದ ಪಯಣ, ಅಮೆರಿಕದ ಗಲ್ಫ್ ತೀರದಿಂದ ಒಂದು ತಿಂಗಳಿಗೂ ಮೇಲೆ. ಇಂದು ಹೊರ್ಮುಜ್ ನಿಂತಿತೆಂದು ಇಂದೇ ಹ್ಯೂಸ್ಟನ್ನಿನಲ್ಲಿ ಹಡಗು ತುಂಬಿಸಿದರೂ ಅದು ಬರುವ ಹೊತ್ತಿಗೆ ಇಲ್ಲಿನ ಟ್ಯಾಂಕು ಬರಿದಾಗಿರುತ್ತದೆ. ಆ ನಡುವಿನ ದಿನಗಳನ್ನು ದಾಟಿಸುವುದಕ್ಕೇ ಕಾಯ್ದಿಟ್ಟ ದಾಸ್ತಾನು ಬೇಕು ಎನ್ನುತ್ತಿರುವುದು. ಇನ್ನು ಮಾರುವವರ ರಾಜಕೀಯ. ಇರಾನಿನ ತೈಲಕ್ಕೆ ಹೊಂದಿಕೊಂಡಿದ್ದ ಮಂಗಳೂರಿನ ಸಂಸ್ಕರಣಾಗಾರ ಎಂಆರ್‌ಪಿಎಲ್, ಅಮೆರಿಕದ ವಿನಾಯಿತಿ 2019ರ ಮೇನಲ್ಲಿ ಮುಗಿದಾಗ ಆ ತೈಲವನ್ನು ಬಿಡಬೇಕಾಯಿತು. ರಷ್ಯಾದ ತೈಲ ಕೊಂಡಿದ್ದಕ್ಕೆ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಅಮೆರಿಕದಲ್ಲಿ ಹೆಚ್ಚುವರಿ 25 ಶೇಕಡಾ ಸುಂಕ ಬಿತ್ತು. ಅಕ್ಟೋಬರಿನಲ್ಲಿ ರಷ್ಯಾದ ತೈಲ ಕಂಪನಿಗಳಾದ ರೋಸ್ನೆಫ್ಟ್, ಲುಕಾಯಿಲ್‌ಗಳ ಮೇಲೆ ನಿರ್ಬಂಧ ಬಂತು. ಯಾವ ದೊಡ್ಡ ದೇಶವೂ ಒಂದೇ ಸಹಿಯಲ್ಲಿ ಬದಲಾಯಿಸಲಾಗದ್ದು ನಮ್ಮ ನೆಲದಡಿ ಇರುವ ಅನಿಲ ಮಾತ್ರ.

ದುಡ್ಡಿಲ್ಲ ಎನ್ನಬೇಡಿ. ದಿನಕ್ಕೆ 50,000 ಟನ್ನಿನಂತೆ ಹದಿನೈದು ದಿನಕ್ಕೆ 7.5 ಲಕ್ಷ ಟನ್. ಮಂಗಳೂರಿನಂಥ ಹತ್ತು ಗುಹೆ. ಒಂದಕ್ಕೆ ಸುಮಾರು 850 ಕೋಟಿಯಂತೆ 8,500 ಕೋಟಿ. ಟನ್ನಿಗೆ 550 ಡಾಲರ್ ಎಂದಿಟ್ಟುಕೊಂಡರೆ ತುಂಬಿಸಲು ಸುಮಾರು 3,600 ಕೋಟಿ. ಎರಡೂ ಸೇರಿ ಹನ್ನೆರಡು ಸಾವಿರ ಕೋಟಿ ಚಿಲ್ಲರೆ. ನಷ್ಟಕ್ಕೆ ಎಲ್‌ಪಿಜಿ ಮಾರಿದ್ದಕ್ಕಾಗಿ ಮೂರು ತೈಲ ಕಂಪನಿಗಳಿಗೆ 2022ರ ಅಕ್ಟೋಬರಿನಲ್ಲಿ 22,000 ಕೋಟಿ, 2025ರ ಆಗಸ್ಟಿನಲ್ಲಿ 30,000 ಕೋಟಿ ಪರಿಹಾರ ಮಂಜೂರಾಯಿತು. 52,000 ಕೋಟಿ ಮಂಜೂರಾದ ಮೇಲೂ ನೆಲದಡಿ ಕಾಯ್ದಿಟ್ಟ ಒಂದು ಟನ್ ಹೆಚ್ಚಾಗಲಿಲ್ಲ. ಈ ಸಾಲನ್ನು ಬರೆಯುವಾಗ ಸಿಟ್ಟು ತಡೆಯಲಾಗುತ್ತಿಲ್ಲ, ಕ್ಷಮಿಸಿ.

ತಂತ್ರಜ್ಞಾನವೂ ಹೊಸದಲ್ಲ. ಪ್ರೊಪೇನ್ ನಮ್ಮ ನೆಲದ ಶಾಖದಲ್ಲಿ ಹತ್ತು ಬಾರ್ ಆಸುಪಾಸಿನ ಒತ್ತಡ ಹುಟ್ಟಿಸುತ್ತದೆ. ಹತ್ತು ಮೀಟರ್ ನೀರಿನ ಕಂಬಕ್ಕೆ ಒಂದು ಬಾರ್, ಆದ್ದರಿಂದ ಗುಹೆಯ ಮೇಲೆ ನೂರು ಮೀಟರಿಗೂ ಹೆಚ್ಚು ಅಂತರ್ಜಲ ನಿಂತಿರಬೇಕು. ಗುಹೆಯ ಮೇಲ್ಭಾಗದಲ್ಲಿ ಸುರಂಗ ಕೊರೆದು, ಅದರಿಂದ ಸಾಲುಸಾಲು ರಂಧ್ರಗಳಲ್ಲಿ ನೀರು ಹಾಯಿಸಿ ನೀರಿನ ಪರದೆ ಕಟ್ಟುತ್ತಾರೆ. ನೀರು ಒಳಗೆ ಜಿನುಗುತ್ತದೆ, ಅನಿಲ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರನ್ನು ತಳದ ಗುಂಡಿಯಿಂದ ಪಂಪು ಮಾಡುತ್ತಾರೆ. ಅನಿಲ ತುಂಬುವ ಮೊದಲು ಒತ್ತಡದ ಗಾಳಿ ತುಂಬಿ ಸೋರಿಕೆ ಪರೀಕ್ಷಿಸುತ್ತಾರೆ. ಕರಾವಳಿಯ ಗಟ್ಟಿ ಶಿಲೆಯಲ್ಲಿ ಇದು ಸಾಧ್ಯವೆಂದು ಮಂಗಳೂರಿನಲ್ಲೇ ತೋರಿಸಿಯಾಗಿದೆ. ಕೆಡುವುದು ಅವಸರದಲ್ಲಿ. ಬಂಡೆಯ ಬಿರುಕುಗಳಿಗೆ ಸಿಮೆಂಟು ಹಾಲು ಸರಿಯಾಗಿ ತುಂಬದೆ ಸ್ಫೋಟಿಸುತ್ತ ಹೋದರೆ ಅಂತರ್ಜಲ ಗುಹೆಗೆ ಇಳಿದು ಸುತ್ತಲ ಬಾವಿಗಳು ಬತ್ತುತ್ತವೆ, ಮನೆಗೋಡೆ ಬಿರುಕು ಬಿಡುತ್ತವೆ. ಪಾದೂರು ಸುತ್ತಿನ ಜನ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಕೆಲಸಕ್ಕೆ ಮುನ್ನ ಪ್ರತಿ ಬಾವಿಯ ನೀರಿನ ಮಟ್ಟ, ಪ್ರತಿ ಮನೆಯ ಗೋಡೆ ದಾಖಲಾಗಬೇಕು, ಪರಿಹಾರ ಮೊದಲೇ ನಿಗದಿಯಾಗಬೇಕು. ಅವರ ಬಾವಿ ಬತ್ತಿಸಿ ದೇಶದ ಒಲೆ ಉರಿಸುವುದು ನ್ಯಾಯವಲ್ಲ.

ಪಾದೂರಿನ ಕಚ್ಚಾತೈಲ ಗುಹೆಗಳ ಎರಡನೆಯ ಹಂತ, 25 ಲಕ್ಷ ಟನ್. ತಾತ್ವಿಕ ಒಪ್ಪಿಗೆ 2018ರ ಜೂನ್. ಸಂಪುಟದ ಒಪ್ಪಿಗೆ 2021ರ ಜುಲೈ. ಒಪ್ಪಿಗೆಯಿಂದ ಒಪ್ಪಿಗೆಗೇ ಮೂರು ವರ್ಷ. ಈ ವೇಗದಲ್ಲಿ ಎಲ್‌ಪಿಜಿಯ ಸರದಿ ಯಾವಾಗ?

ಜಪಾನಿನಲ್ಲಿ ಎಲ್‌ಪಿಜಿ ಆಮದು ಮಾಡುವ ಖಾಸಗಿ ಕಂಪನಿ 40 ದಿನದ ದಾಸ್ತಾನಿಡಬೇಕೆಂದು ಕಾನೂನಿದೆ, ಅದರ ಮೇಲೆ ಸರ್ಕಾರದ್ದೇ ಬೇರೆ ದಾಸ್ತಾನು. ಕುರಾಶಿಕಿಯ ಒಂದೇ ನೆಲೆಯ ಸಾಮರ್ಥ್ಯ 4 ಲಕ್ಷ ಟನ್, ನಮ್ಮ ಮಂಗಳೂರಿನ ಐದು ಪಟ್ಟು. ನಮ್ಮಲ್ಲಿ ಅಗತ್ಯ ವಸ್ತುಗಳ ಕಾಯ್ದೆ 1955ರಿಂದ ಇದೆ, ಅದರಡಿ ಎಲ್‌ಪಿಜಿ ಸರಬರಾಜು-ವಿತರಣೆಯ ಆದೇಶ 2000ದಿಂದ ಇದೆ. ಏಜೆನ್ಸಿಯವನು ಎಷ್ಟು ಸಿಲಿಂಡರ್ ಇಡಬೇಕು, ಗ್ರಾಹಕ ಏನು ಮಾಡಬಾರದು ಎಂದು ವಿಧಿಸುವ ಅಧಿಕಾರ ಇರುವವರಿಗೆ ತೈಲ ಕಂಪನಿಗಳು ಇಷ್ಟು ದಿನದ ಅನಿಲ ಮುಟ್ಟದೆ ಇಡಬೇಕೆಂದು ವಿಧಿಸುವುದು ಕಷ್ಟವೇ?

ಪ್ರತ್ಯೇಕ, ಮುಟ್ಟಬಾರದ, ಹದಿನೈದು ದಿನದ ಎಲ್‌ಪಿಜಿ ದಾಸ್ತಾನು. ಮತ್ತೆ ಅದೇ ಬೇಡಿಕೆ. ಗುಹೆಗಳಾಗಲು ವರ್ಷಗಳು ಬೇಕು ಎಂಬುದು ನಿಜ, ಅಲ್ಲಿಯತನಕ ಈಗಿರುವ ಟರ್ಮಿನಲ್‌ಗಳಲ್ಲಿ ಕನಿಷ್ಠ ಮಟ್ಟವೊಂದನ್ನು ಆದೇಶದಲ್ಲಿ ನಿಗದಿಮಾಡಿ, ಅದಕ್ಕಿಂತ ಕೆಳಗಿಳಿದರೆ ಕಂಪನಿ ತಮಗೆ ಲಿಖಿತ ಕಾರಣ ಕೊಡಲಿ. ಇದಕ್ಕೆ ತಾವು ಸಂಸತ್ತಿನಲ್ಲೇ ಉತ್ತರಿಸಬೇಕೆಂದು ಕೋರುತ್ತೇವೆ. ಉತ್ತರದಲ್ಲಿ ಮೂರು ಸಂಖ್ಯೆ ಸಾಕು: ಇಂದು ದೇಶದಲ್ಲಿ ಬಳಸಬಹುದಾದ ಎಲ್‌ಪಿಜಿ ಎಷ್ಟು ಟನ್, ಅದರಲ್ಲಿ ಮುಟ್ಟದೆ ಕಾಯ್ದಿಟ್ಟದ್ದು ಎಷ್ಟು, ಕಾಯ್ದಿಟ್ಟ ದಾಸ್ತಾನಿಗೆಂದೇ ಕೊರೆಯುವ ಮೊದಲ ಗುಹೆಯ ಟೆಂಡರ್ ಯಾವ ತಾರೀಕಿಗೆ.

ಇಂತಿ ತಮ್ಮ ವಿಶ್ವಾಸಿಗಳು,
ಮಂಗಳೂರಿನ ಎಲ್‌ಪಿಜಿ ಗ್ರಾಹಕರು